ಅರ್ಧ ರೆಕ್ಕೆಯ ಕುಂಬಾರ ಕಣಜ: ಸರಿಯಾದ ಹೆಸರು ಯಾವುದು, ನೆಲೆ ಎಲ್ಲಿಂದ ಎಲ್ಲಿಯವರೆಗೆ?

ನಿಝ್ವಾ_ನೆರಳು

ಎಲ್ಲರಿಗೂ ನಮಸ್ಕಾರ. ನನ್ನ ಊರು ಕುಂದಾಪುರದ ಹತ್ತಿರ. ಒಂಬತ್ತು ವರ್ಷಗಳಿಂದ ಒಮಾನಿನ ನಿಝ್ವಾದಲ್ಲಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೇನೆ. ನಮ್ಮ ಬಾಡಿಗೆ ಮನೆಯ ಹಿಂದೆ ಖರ್ಜೂರದ ತೋಟವಿದೆ, ತೋಟದ ಅಂಚಿನಲ್ಲಿ ಫಲಜ್ ಹರಿಯುತ್ತದೆ. ಫಲಜ್ ಎಂದರೆ ಇಲ್ಲಿನವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿರುವ ನೀರಿನ ಕಾಲುವೆ.

ಅಡುಗೆಮನೆಯ ಕಿಟಕಿ ಪಕ್ಕದ ಗೋಡೆಯಲ್ಲಿ ಐದು ದಿನಗಳಿಂದ ಒಂದು ಕಣಜ ಗೂಡು ಕಟ್ಟುತ್ತಿದೆ. ಉದ್ದ ಸುಮಾರು ಒಂದು ಅಂಗುಲ, ಮೈ ಇಟ್ಟಿಗೆಯ ಕೆಂಪು. ಬೆಳಿಗ್ಗೆ ಏಳಕ್ಕೆ ಕೆಲಸ ಆರಂಭಿಸುತ್ತದೆ. ಮೊದಲು ಫಲಜ್‌ನ ಅಂಚಿಗೆ ಹೋಗಿ ನೀರು ಕುಡಿಯುತ್ತದೆ, ಆಮೇಲೆ ತೋಟದ ದಾರಿಯ ಒಣಮಣ್ಣಿನ ಮೇಲೆ ಇಳಿದು ಅಲ್ಲಿಯೇ ನೀರು ಕಾರಿ ಮಣ್ಣು ಕಲಸಿ, ಕಡಲೆಕಾಳಿನಷ್ಟು ಉಂಡೆ ಮಾಡಿ ದವಡೆಯಲ್ಲಿ ಹಿಡಿದು ತರುತ್ತದೆ. ಮಡಕೆಯ ಬಾಯಿಯ ಮೇಲೆ ಆ ಉಂಡೆಯನ್ನು ಪಟ್ಟಿಯಂತೆ ಎಳೆಯುತ್ತಾ ಹಿಂದಕ್ಕೆ ಸರಿಯುತ್ತದೆ. ಎಳೆಯುವಾಗ ಒಂದು ಕುಡಿಮೀಸೆ ಗೋಡೆಯ ಒಳಗೆ, ಇನ್ನೊಂದು ಹೊರಗೆ. ನಮ್ಮೂರಿನ ಕುಂಬಾರರು ಒಂದು ಕೈ ಒಳಗಿಟ್ಟು ಇನ್ನೊಂದು ಕೈಯಿಂದ ಹೊರಗೆ ತಟ್ಟುವುದನ್ನು ನೋಡಿ ಬೆಳೆದವಳು ನಾನು. ಇದನ್ನು ನೋಡುತ್ತಾ ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ನನಗೆ ಎರಡು ಪ್ರಶ್ನೆಗಳಿವೆ. ಹುಡುಕಿದಾಗ ಒಂದು ಕಡೆ ‘ಡೆಲ್ಟಾ ಡಿಮಿಡಿಯಾಟಿಪೆನ್ನೆ’ ಎಂದಿದೆ, ಇನ್ನೊಂದು ಕಡೆ ‘ಡಿಮಿಡಿಯಾಟಿಪೆನ್ನಿಸ್’, ಹಳೆಯ ಪುಸ್ತಕವೊಂದರಲ್ಲಿ ‘ಯುಮೆನೆಸ್’. ಇವೆಲ್ಲ ಒಂದೇ ಜೀವಿಯೇ? ಮತ್ತೆ, ನಮ್ಮ ಊರಿನ ಮನೆಗಳಲ್ಲಿ ಕಾಣುವ ಕುಂಬಾರ ಹುಳವೂ ಇದೇ ಆಗಿದೆಯೇ? ಮುಂದಿನ ತಿಂಗಳು ಮನೆಗೆ ಬಣ್ಣ ಬಳಿಯುವವರು ಬರುತ್ತಾರೆ. ಅಷ್ಟರೊಳಗೆ ತಿಳಿದುಕೊಳ್ಳಬೇಕು.

ಅಡಿಕೆ_ತೋಟ

ಮೇಡಂ, ಇದು ನಮ್ಮಲ್ಲಿ ಬಾಗಿಲ ಸಂದು, ಪುಸ್ತಕದ ಕಪಾಟು, ದೇವರ ಪಟದ ಹಿಂಭಾಗ ಎಲ್ಲ ಕಡೆ ಮಣ್ಣು ಮೆತ್ತುವ ಹುಳವೇ. ಒಡೆದು ನೋಡಿ, ಒಳಗೆ ಜೇಡಗಳು ತುಂಬಿರುತ್ತವೆ. ನಾನು ಚಿಕ್ಕಂದಿನಲ್ಲಿ ಹತ್ತಾರು ಗೂಡು ಒಡೆದು ನೋಡಿದ್ದೇನೆ.

ಕೀಟ_ಪೆಟ್ಟಿಗೆ

ದಯವಿಟ್ಟು ಒಡೆಯಬೇಡಿ ಮೇಡಂ. ತೋಟದ ಅಣ್ಣ ಹೇಳುತ್ತಿರುವುದು ಬೇರೆ ಕಣಜ. ಜೇಡ ತುಂಬುವುದು ಸ್ಕೆಲಿಫ್ರಾನ್. ಅದರ ಕುಟುಂಬವೇ ಬೇರೆ, ಸ್ಫೆಸಿಡೇ. ಸೊಂಟ ದಾರದಂತೆ ತೆಳ್ಳಗಿರುತ್ತದೆ, ಗೂಡು ಬೆರಳುಗಳನ್ನು ಜೋಡಿಸಿಟ್ಟ ಹಾಗೆ ಉದ್ದುದ್ದ ಇರುತ್ತದೆ. ಕುಂಬಾರ ಕಣಜಗಳು ವೆಸ್ಪಿಡೇ ಕುಟುಂಬದ ಯುಮೆನಿನೇ ಉಪಕುಟುಂಬಕ್ಕೆ ಸೇರಿದವು. ಇವು ಮರಿಗಳಿಗೆ ತರುವುದು ಜೇಡವನ್ನಲ್ಲ, ಚಿಟ್ಟೆ ಮತ್ತು ಪತಂಗಗಳ ಹುಳುಗಳನ್ನು.

ನೀವು ಮೂರು ವಿಷಯ ಗಮನಿಸಿ ಬರೆಯಿರಿ. ಕಣಜ ಗೂಡಿಗೆ ಏನನ್ನು ಹೊತ್ತು ತರುತ್ತದೆ? ಸೊಂಟ ಹೇಗಿದೆ? ಕುಳಿತಾಗ ರೆಕ್ಕೆಯ ಬಣ್ಣ ಬುಡದಿಂದ ತುದಿಯವರೆಗೆ ಒಂದೇ ಇದೆಯೇ?

ನಿಝ್ವಾ_ನೆರಳು

ಇವತ್ತು ರಜೆ ಇದ್ದುದರಿಂದ ಕುರ್ಚಿ ಹಾಕಿಕೊಂಡು ಕುಳಿತೆ. ಎರಡು ಗಂಟೆಯಲ್ಲಿ ನಾಲ್ಕು ಹಸಿರು ಹುಳುಗಳನ್ನು ತಂದಿತು. ಹುಳು ಸತ್ತಿರಲಿಲ್ಲ, ತುದಿ ಸ್ವಲ್ಪ ಅಲುಗುತ್ತಿತ್ತು. ಆದರೆ ಬಿಡಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಮಡಕೆಯ ಬಾಯಿ ಚಿಕ್ಕದು, ಹೊರಕ್ಕೆ ಮಡಚಿದ ಕಂಠವಿದೆ. ಹುಳುವನ್ನು ತಲೆಯ ಕಡೆಯಿಂದ ಒಳಗೆ ನೂಕುತ್ತದೆ.

ಸೊಂಟ ಉದ್ದವಾಗಿದೆ, ಆದರೆ ದಾರದಂತಿಲ್ಲ. ತಂಬೂರಿಯ ದಂಡಿಯಂತೆ ಸಾಗಿ ಆಮೇಲೆ ಒಮ್ಮೆಗೇ ಬುರುಡೆ ಬರುತ್ತದೆ. ಬುರುಡೆ ಕಪ್ಪು. ರೆಕ್ಕೆ ಒಂದೇ ಬಣ್ಣದ್ದಲ್ಲ. ಅರ್ಧ ಹೊಗೆ ಹಿಡಿದಂತೆ ಗಾಢವಾಗಿದೆ, ಉಳಿದ ಅರ್ಧ ತಿಳಿಯಾಗಿದೆ. ಗೆರೆ ಎಳೆದು ಭಾಗ ಮಾಡಿದ ಹಾಗಿದೆ.

ಕೀಟ_ಪೆಟ್ಟಿಗೆ

ಹಾಗಾದರೆ ಸಂದೇಹವಿಲ್ಲ. ನಿಮ್ಮ ಗೋಡೆಯ ಮೇಲಿರುವುದು ಡೆಲ್ಟಾ ಡಿಮಿಡಿಯಾಟಿಪೆನ್ನೆ, ಮರುಭೂಮಿಯ ಕುಂಬಾರ ಕಣಜ. ಲ್ಯಾಟಿನ್ನಿನಲ್ಲಿ ‘ಡಿಮಿಡಿಯಾಟಸ್’ ಎಂದರೆ ಎರಡು ಪಾಲಾದದ್ದು, ‘ಪೆನ್ನಾ’ ಎಂದರೆ ಗರಿ ಅಥವಾ ರೆಕ್ಕೆ. ನೀವು ಗೆರೆ ಎಳೆದ ಹಾಗೆ ಎಂದಿರಲ್ಲ, ಹೆಸರಿಟ್ಟವರ ಕಣ್ಣಿಗೂ ಮೊದಲು ಬಿದ್ದದ್ದು ಅದೇ.

ಹೆಸರಿನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗೊಂದಲ ಇರುವುದೇ ಅಲ್ಲಿ.

ಇದನ್ನು 1852ರಲ್ಲಿ ವಿವರಿಸಿದವರು ಜಿನೀವಾದ ಆನ್ರಿ ದ ಸಾಸ್ಯೂರ್. ಹುಟ್ಟಿದ್ದು 1829ರಲ್ಲಿ. ಅಂದರೆ ಒಂಟಿ ಕಣಜಗಳ ಮೇಲಿನ ಅವರ ದೊಡ್ಡ ಗ್ರಂಥ ಹೊರಬರುವಾಗ ಇಪ್ಪತ್ತೆರಡು, ಇಪ್ಪತ್ತಮೂರರ ಹರೆಯ. ಭಾಷಾಶಾಸ್ತ್ರ ಓದಿದವರಿಗೆ ಈ ಮನೆತನದ ಹೆಸರು ಪರಿಚಿತ. ಫರ್ಡಿನಾಂಡ್ ದ ಸಾಸ್ಯೂರ್ ಇವರ ಮಗ. ಪದದ ಧ್ವನಿಗೂ ಅದು ಸೂಚಿಸುವ ಕಲ್ಪನೆಗೂ ಇರುವ ನಂಟಿನ ಬಗ್ಗೆ ಮಗ ಆಳವಾಗಿ ಯೋಚಿಸಿದರು. ತಂದೆ ಕಣಜಗಳಿಗೆ ಒಂದೊಂದಾಗಿ ಹೆಸರು ಕೊಟ್ಟರು. ನನಗೆ ಈ ತಂದೆ ಮಕ್ಕಳ ಜೋಡಿ ಬಹಳ ಇಷ್ಟ.

ಸಾಸ್ಯೂರ್ ಮೊದಲು ಇದನ್ನು ಇಟ್ಟದ್ದು ಯುಮೆನೆಸ್ ಕುಲದಲ್ಲಿ. ಆ ಕುಲವನ್ನು 1802ರಲ್ಲಿ ಸ್ಥಾಪಿಸಿದವರು ಫ್ರಾನ್ಸಿನ ಲಾಟ್ರೇಯ್. ಆಗ ಉದ್ದ ಸೊಂಟದ, ಮಡಕೆ ಕಟ್ಟುವ ಕಣಜಗಳೆಲ್ಲ ಹೆಚ್ಚುಕಡಿಮೆ ಯುಮೆನೆಸ್‌ಗೇ ಸೇರುತ್ತಿದ್ದವು. 1855ರಲ್ಲಿ ಸಾಸ್ಯೂರ್ ಅವರೇ ಆ ದೊಡ್ಡ ಗುಂಪಿನೊಳಗೆ ಡೆಲ್ಟಾ ಎಂಬ ವಿಭಾಗ ಮಾಡಿದರು. ಮುಂದೆ ಅದು ಸ್ವತಂತ್ರ ಕುಲವಾಯಿತು. ಸ್ಥೂಲವಾಗಿ ಹೇಳುವುದಾದರೆ ಯುಮೆನೆಸ್‌ನ ಸೊಂಟ ಗಂಟೆಯಂತೆ ಕ್ರಮೇಣ ಅಗಲವಾಗುತ್ತದೆ, ಡೆಲ್ಟಾದ್ದು ಇನ್ನೂ ನೀಳ. ಮೈಯೂ ಸಾಮಾನ್ಯವಾಗಿ ದೊಡ್ಡದು.

ಇನ್ನು ‘ಇಸ್’ ಮತ್ತು ‘ಎ’ ವಿಚಾರ. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ರಭೇದದ ಹೆಸರು ವಿಶೇಷಣವಾಗಿದ್ದರೆ ಅದು ಕುಲದ ಲಿಂಗವನ್ನು ಅನುಸರಿಸಬೇಕು. ಡೆಲ್ಟಾ ಗ್ರೀಕ್ ಅಕ್ಷರದ ಹೆಸರು, ನಪುಂಸಕಲಿಂಗ. ಆದ್ದರಿಂದ ಯುಮೆನೆಸ್ ಜೊತೆಗಿದ್ದಾಗ ‘ಡಿಮಿಡಿಯಾಟಿಪೆನ್ನಿಸ್’ ಆಗಿದ್ದದ್ದು ಡೆಲ್ಟಾ ಜೊತೆ ‘ಡಿಮಿಡಿಯಾಟಿಪೆನ್ನೆ’ ಆಗಲೇಬೇಕು. ‘ಡೆಲ್ಟಾ ಡಿಮಿಡಿಯಾಟಿಪೆನ್ನಿಸ್’ ಎಂದು ಬರೆದರೆ ವ್ಯಾಕರಣ ತಪ್ಪು, ಆದರೂ ಎಷ್ಟೋ ಕಡೆ ಹಾಗೆಯೇ ಇದೆ. ಮೂರೂ ಒಂದೇ ಜೀವಿ.

ಹೆಸರಿನ ಮುಂದೆ (ಸಾಸ್ಯೂರ್, 1852) ಎಂದು ಆವರಣದೊಳಗೆ ಬರೆಯುವುದನ್ನೂ ನೋಡಿರುತ್ತೀರಿ. ಆ ಆವರಣ ಸುಮ್ಮನೆ ಹಾಕಿದ್ದಲ್ಲ. ಮೊದಲು ವಿವರಿಸಿದವರು ಬೇರೊಂದು ಕುಲದಲ್ಲಿ ಇಟ್ಟಿದ್ದರು, ಈಗ ಜಾಗ ಬದಲಾಗಿದೆ ಎಂಬುದರ ಗುರುತು ಅದು.

ಹಳೆಯ_ಮೇಷ್ಟ್ರು

ಬಹಳ ಸಂತೋಷವಾಯಿತು. ನಲವತ್ತು ವರ್ಷ ಸಂಸ್ಕೃತ ಪಾಠ ಮಾಡಿದವನಿಗೆ ಇದು ಮನೆಯ ಮಾತಿನಂತೆಯೇ ಕೇಳಿಸುತ್ತದೆ. ಶ್ವೇತಃ ಅಶ್ವಃ, ಶ್ವೇತಾ ಗೌಃ, ಶ್ವೇತಂ ವಸ್ತ್ರಮ್. ಬಿಳುಪು ಒಂದೇ, ಜೊತೆಗಿರುವ ನಾಮಪದ ಬದಲಾದಂತೆ ತುದಿ ಬದಲಾಗುತ್ತದೆ. ಕನ್ನಡದಲ್ಲಿ ನಮಗೆ ಆ ಕಷ್ಟವಿಲ್ಲ. ಬಿಳಿ ಕುದುರೆ, ಬಿಳಿ ಹಸು, ಬಿಳಿ ಬಟ್ಟೆ.

ಇನ್ನೊಂದು ಮಾತು. ನಮ್ಮ ವೇದಾಂತದ ಮಾತುಗಳಲ್ಲಿ ‘ಭ್ರಮರಕೀಟ ನ್ಯಾಯ’ ಎಂಬುದಿದೆ. ಭ್ರಮರವು ಹುಳುವೊಂದನ್ನು ತಂದು ಮಣ್ಣಿನ ಗೂಡಿನಲ್ಲಿಟ್ಟು ಕುಟುಕುತ್ತದೆ, ಹುಳು ಭಯದಿಂದ ಅದನ್ನೇ ಧ್ಯಾನಿಸುತ್ತಾ ಕೊನೆಗೆ ತಾನೇ ಭ್ರಮರವಾಗಿ ಹೊರಬರುತ್ತದೆ ಎಂಬ ದೃಷ್ಟಾಂತ. ಚಿಕ್ಕಂದಿನಲ್ಲಿ ಅಜ್ಜ ಹೇಳಿದಾಗ ಭ್ರಮರ ಎಂದರೆ ದುಂಬಿ ಎಂದೇ ತಿಳಿದಿದ್ದೆ. ದುಂಬಿ ಎಲ್ಲಿ ಹುಳು ತರುತ್ತದೆ ಎಂದು ಕೇಳಿ ಬೈಸಿಕೊಂಡಿದ್ದೂ ಉಂಟು. ಇಂದು ಮೇಡಂ ಬರೆದದ್ದನ್ನು ಓದಿದಾಗ ಅರವತ್ತು ವರ್ಷದ ಸಂಶಯ ಪರಿಹಾರವಾಯಿತು. ಆ ನ್ಯಾಯ ಹುಟ್ಟಿದ್ದು ಇಂಥ ಗೂಡಿನ ಮುಂದೆ ಕುಳಿತವರ ಕಣ್ಣಿನಿಂದ ಎಂದೇ ನನ್ನ ಭಾವನೆ.

ಕೀಟ_ಪೆಟ್ಟಿಗೆ

ಮೇಷ್ಟ್ರೇ, ನಮಸ್ಕಾರ. ಅವರ ಕಣ್ಣು ಸರಿಯಾಗಿಯೇ ನೋಡಿತ್ತು. ಒಳಗೆ ಹೋದದ್ದು ಹುಳು, ಬಂದದ್ದು ಕಣಜ. ನಡುವೆ ಕಾಣದೆ ಉಳಿದದ್ದು ಮೊಟ್ಟೆ ಮಾತ್ರ. ತಾಯಿ ಕಣಜ ಹುಳುಗಳನ್ನು ತರುವ ಮೊದಲೇ ಖಾಲಿ ಮಡಕೆಯ ಚಾವಣಿಯಿಂದ ಕೂದಲಿನಂಥ ಎಳೆಯಲ್ಲಿ ಒಂದು ಮೊಟ್ಟೆಯನ್ನು ಇಳಿಬಿಡುತ್ತದೆ. ಕೆಳಗೆ ಹುಳುಗಳು ಅರೆಜೀವದಲ್ಲಿ ಹೊರಳಿದರೂ ಮೊಟ್ಟೆಗೆ ಪೆಟ್ಟಾಗುವುದಿಲ್ಲ. ಗೂಡು ಒಡೆದರೆ ಮೊದಲು ಹರಿಯುವುದು ಆ ಎಳೆ. ಹಾಗಾಗಿ ನೋಡಿದವರು ಕಡಿಮೆ.

ಜೈಸಲ್ಮೇರ್_ಗಾಳಿ

ಚರ್ಚೆ ಓದುತ್ತಿದ್ದೆ, ಬರೆಯದೆ ಇರಲಾಗಲಿಲ್ಲ. ನಾನು ಗದಗದವನು. ಜೈಸಲ್ಮೇರ್ ಸಮೀಪ ಗಾಳಿಯಂತ್ರಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಇಲ್ಲಿಯೂ ಇಂಥದ್ದೇ ಕಣಜವಿದೆ. ಗೋಪುರದ ಬುಡದ ಕಾಂಕ್ರೀಟಿನ ಮೇಲೆ, ನೆರಳಿರುವ ಕಡೆ, ಯಾರೋ ಮಣ್ಣು ಎಸೆದು ಅಂಟಿಸಿದಂತೆ ಒಂದು ಹೆಂಟೆ ಕಾಣುತ್ತದೆ. ಮೊಬೈಲಿನ ಚಿತ್ರ ಹಿಗ್ಗಿಸಿ ನೋಡಿದೆ. ರೆಕ್ಕೆ ಮೇಡಂ ಹೇಳಿದ ಹಾಗೆ ಅರ್ಧ ಗಾಢ, ಅರ್ಧ ತಿಳಿ.

ನನ್ನ ಪ್ರಶ್ನೆ ಇಷ್ಟು. ಒಮಾನಿಗೂ ನಮಗೂ ನಡುವೆ ಸಮುದ್ರವಿದೆ. ಒಂದೇ ಪ್ರಭೇದ ಅಲ್ಲಿಯೂ ಇಲ್ಲಿಯೂ ಇರುವುದು ಹೇಗೆ?

ಕೀಟ_ಪೆಟ್ಟಿಗೆ

ಸಮುದ್ರ ದಾಟುವ ಅಗತ್ಯವೇ ಇಲ್ಲ. ಭೂಪಟದಲ್ಲಿ ಬೆರಳಿಟ್ಟು ಹೊರಡಿ. ಮೊರಾಕೊದಿಂದ ಉತ್ತರ ಆಫ್ರಿಕಾದ ಉದ್ದಕ್ಕೂ ಈಜಿಪ್ಟ್, ಅಲ್ಲಿಂದ ಸಿನಾಯ್ ದಾಟಿ ಇಸ್ರೇಲ್, ಜೋರ್ಡಾನ್, ಅರೇಬಿಯಾ ಪರ್ಯಾಯ ದ್ವೀಪ, ಉತ್ತರಕ್ಕೆ ತಿರುಗಿ ಇರಾನ್, ಮುಂದೆ ಪಾಕಿಸ್ತಾನ, ಕೊನೆಗೆ ನಮ್ಮ ಥಾರ್. ಈ ಒಣ ಪಟ್ಟಿಯನ್ನು ಜೀವಭೂಗೋಳ ಬಲ್ಲವರು ಸಹಾರಾ–ಸಿಂಧ್ ವಲಯ ಎನ್ನುತ್ತಾರೆ. ಎಷ್ಟೋ ಗಿಡ, ಹಲ್ಲಿ, ಕೀಟಗಳ ನೆಲೆ ಇದೇ ಪಟ್ಟಿ. ನಮ್ಮ ಕಣಜದ ನೆಲೆಯೂ ಹೆಚ್ಚುಕಡಿಮೆ ಇದೇ.

ಆದರೆ ಈ ಪಟ್ಟಿಯನ್ನು ಒಂದೇ ಬಣ್ಣ ಬಳಿದು ತುಂಬಿಸಿದರೆ ತಪ್ಪಾಗುತ್ತದೆ. ಗೂಡಿಗೆ ಬೇಕಾದ ಸಾಮಗ್ರಿ ಲೆಕ್ಕ ಹಾಕಿ. ಪ್ರತಿ ಉಂಡೆಗೂ ನೀರು, ಅಂಟುವ ಮಣ್ಣು, ಎಲೆ ತಿನ್ನುವ ಹುಳು, ಹುಳುವಿಗೆ ಹಸಿರು ಎಲೆ, ತಾಯಿಗೆ ಹೂವಿನ ರಸ. ಮೈಲುಗಟ್ಟಲೆ ಬರೀ ಮರಳಿರುವ ಕಡೆ ಇವುಗಳಲ್ಲಿ ಒಂದೂ ಸಿಗುವುದಿಲ್ಲ. ಕಣಜ ಬದುಕುವುದು ಮಳೆಗಾಲದ ಹಳ್ಳಗಳ ದಂಡೆ, ಓಯಸಿಸ್, ಖರ್ಜೂರದ ತೋಟ, ಬೆಟ್ಟದ ತಪ್ಪಲು, ಈಗ ಮನುಷ್ಯರ ಮನೆ ಹಾಗೂ ತೋಟದ ನಲ್ಲಿಗಳ ಹತ್ತಿರ. ಹತ್ತಿರದಿಂದ ನೋಡಿದರೆ ಸಾವಿರಾರು ಕಿಲೋಮೀಟರಿನ ಆ ಪಟ್ಟಿ ನೀರಿನ ತಾಣಗಳ ಸರಪಳಿ. ಮೇಡಂ ಅವರ ಫಲಜ್ ಅದರ ಒಂದು ಕೊಂಡಿ.

ಜೈಸಲ್ಮೇರ್_ಗಾಳಿ

ಈಗ ಹೊಳೆಯಿತು. ಇಪ್ಪತ್ತೆಂಟು ಗೋಪುರಗಳನ್ನು ನಾನು ನೋಡಿಕೊಳ್ಳುತ್ತೇನೆ. ಗೂಡು ಕಂಡದ್ದು ಮೂರರಲ್ಲಿ ಮಾತ್ರ. ಮೂರೂ ನೀರಿನ ಟ್ಯಾಂಕಿನ ಸಮೀಪದವು. ಆ ಟ್ಯಾಂಕಿನ ಕೊಳವೆ ಒಂದು ವರ್ಷದಿಂದ ಸೋರುತ್ತಿದೆ.

ನಿಝ್ವಾ_ನೆರಳು

ಇಲ್ಲಿಯ ದೊಡ್ಡ ಫಲಜ್ ದಾರಿಸ್ ಸೇರಿದಂತೆ ಒಮಾನಿನ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಇನ್ನು ಮೇಲೆ ಕಾಲುವೆಯ ಅಂಚಿನ ಒದ್ದೆ ಕಲ್ಲನ್ನೂ ತೋರಿಸುತ್ತೇನೆ. ಇವತ್ತು ಅಲ್ಲಿ ಒಂದೇ ಕಲ್ಲಿನ ಮೇಲೆ ಮೂರು ಕಣಜಗಳು ನೀರು ಕುಡಿಯುತ್ತಿದ್ದವು.

ರಾಯಚೂರು_ಎರೆಮಣ್ಣು

ಸರ್, ಒಣ ಬಿಸಿಲು ಎಂದರೆ ನಮ್ಮ ರಾಯಚೂರಿಗೇನು ಕಡಿಮೆ? ನಮ್ಮ ದನದ ಕೊಟ್ಟಿಗೆಯಲ್ಲಿಯೂ ಕೆಂಪು ಕುಂಬಾರ ಹುಳ ಇದೆ. ಚಿತ್ರ ಹಾಕಿದ್ದೇನೆ. ಇದನ್ನೂ ನಿಮ್ಮ ನಕ್ಷೆಗೆ ಸೇರಿಸಿ.

ಕೀಟ_ಪೆಟ್ಟಿಗೆ

ಚಿತ್ರ ಚೆನ್ನಾಗಿ ಬಂದಿದೆ, ಬೆಳಕು ಪಕ್ಕದಿಂದ ಬಿದ್ದಿರುವುದರಿಂದ ರೆಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ನೋಡಿ, ಬುಡದಿಂದ ತುದಿಯವರೆಗೆ ಜೇನಿನ ಬಣ್ಣ, ಅರ್ಧಕ್ಕೆ ಭಾಗವಾಗಿಲ್ಲ. ಇದು ಡೆಲ್ಟಾ ಕೊನಾಯ್ಡಿಯಮ್. ಅದೇ ಕುಲ, ಬೇರೆ ಪ್ರಭೇದ. ದಕ್ಷಿಣ ಭಾರತದ ಮನೆಗಳಲ್ಲಿ ಇದು, ಡೆಲ್ಟಾ ಪೈರಿಫಾರ್ಮೆ ಮತ್ತು ಡೆಲ್ಟಾ ಎಸುರಿಯೆನ್ಸ್ ಕಾಣಸಿಗುತ್ತವೆ. ಮೇಡಂ ಅವರ ಎರಡನೆಯ ಪ್ರಶ್ನೆಗೂ ಇದೇ ಉತ್ತರ: ಊರಿನ ಹುಳ ಇವಳ ದಾಯಾದಿ, ಇವಳೇ ಅಲ್ಲ.

ಇಲ್ಲಿಯೂ ಹಳೆಯ ಹೆಸರುಗಳ ತೊಡಕಿದೆ. ಬಿಂಗ್‌ಹ್ಯಾಮ್ ಎಂಬ ಸೇನಾಧಿಕಾರಿ 1897ರಲ್ಲಿ ಬ್ರಿಟಿಷ್ ಇಂಡಿಯಾದ ಕಣಜ ಮತ್ತು ಜೇನುನೊಣಗಳ ಬಗ್ಗೆ ಬರೆದ ಸಂಪುಟ ಇಂದಿಗೂ ಕೈಪಿಡಿಯಂತೆ ಬಳಕೆಯಲ್ಲಿದೆ. ಅದರಲ್ಲಿ ‘ಯುಮೆನೆಸ್ ಕೋನಿಕಾ’ ಎಂದಿದ್ದರೆ ಅದು ನಿಮ್ಮ ಕೊಟ್ಟಿಗೆಯ ಕೊನಾಯ್ಡಿಯಮ್. ‘ಯುಮೆನೆಸ್ ಪೆಟಿಯೊಲಾಟಾ’ ಎಂದರೆ ಈಗಿನ ಪೈರಿಫಾರ್ಮೆ. ‘ಕೋನಿಕಾ’, ‘ಪೆಟಿಯೊಲಾಟಾ’ ಎಂಬ ತುದಿಗಳನ್ನು ಮೇಷ್ಟ್ರು ಗಮನಿಸಿರಬಹುದು. ಆಗಿನವರು ಯುಮೆನೆಸ್ ಅನ್ನು ಸ್ತ್ರೀಲಿಂಗ ಎಂದು ಬಳಸುತ್ತಿದ್ದರು, ಈಗ ಪುಲ್ಲಿಂಗ. ಎಸುರಿಯೆನ್ಸ್ ವಿಷಯದಲ್ಲಿ ಜಗಳ ಇನ್ನೂ ಇದೆ. ಫ್ಯಾಬ್ರಿಸಿಯಸ್ 1787ರಲ್ಲಿ ವಿವರಿಸಿದ ಇದನ್ನು ಕೆಲವರು ಸ್ವತಂತ್ರ ಪ್ರಭೇದ ಎನ್ನುತ್ತಾರೆ, ಕೆಲವರು ಡೆಲ್ಟಾ ಕಂಪಾನಿಫಾರ್ಮೆಯ ಉಪಪ್ರಭೇದ ಎನ್ನುತ್ತಾರೆ. ಒಂದೊಂದು ಪಟ್ಟಿಯಲ್ಲಿ ಒಂದೊಂದು ರೀತಿ.

ರಾಯಚೂರು_ಎರೆಮಣ್ಣು

ಸ್ವಲ್ಪ ಬೇಸರವಾಯಿತು, ಆದರೆ ಒಪ್ಪುತ್ತೇನೆ. ಬೆಳಿಗ್ಗೆ ಮತ್ತೆ ಹೋಗಿ ನೋಡಿದೆ. ರೆಕ್ಕೆ ಜೇನಿನ ಬಣ್ಣವೇ. ತೊಗರಿ ಹೊಲದ ಕಡೆಯಿಂದ ಹುಳು ತರುತ್ತಿದೆ. ನನಗೆ ಅಷ್ಟು ಸಾಕು.

ನೇರ_ಮಾತು

ಎಲ್ಲ ಓದಿದೆ. ಒಂದು ಮಾತು ಕೇಳಲೇಬೇಕು. ‘ಇಸ್’ ಇದ್ದರೇನು ‘ಎ’ ಇದ್ದರೇನು? ಕಣಜಕ್ಕೆ ಅದರಿಂದ ಏನಾಗಬೇಕಿದೆ? ಮರುಭೂಮಿಯಲ್ಲಿ ನೀರು ಬತ್ತುತ್ತಿರುವಾಗ ಲ್ಯಾಟಿನ್ ಲಿಂಗದ ಬಗ್ಗೆ ಇಷ್ಟು ಹೊತ್ತು ಮಾತನಾಡುವುದು ನನಗೆ ಸರಿ ಕಾಣುವುದಿಲ್ಲ. ಹಿರಿಯರು ತಪ್ಪು ತಿಳಿಯಬಾರದು.

ಕೀಟ_ಪೆಟ್ಟಿಗೆ

ತಪ್ಪು ತಿಳಿಯುವುದಿಲ್ಲ. ನನ್ನ ಅನುಭವವನ್ನೇ ಹೇಳುತ್ತೇನೆ.

ವಿದ್ಯಾರ್ಥಿಯಾಗಿದ್ದಾಗ ಒಂದು ಸಂಗ್ರಹದಲ್ಲಿ ಕಣಜಗಳ ಪಟ್ಟಿ ಮಾಡುವ ಕೆಲಸ ಸಿಕ್ಕಿತ್ತು. ಮರದ ಪೆಟ್ಟಿಗೆ, ನಾಫ್ತಲಿನ್ ಗುಳಿಗೆಯ ವಾಸನೆ, ಸೂಜಿಗೆ ಚುಚ್ಚಿದ ಕಣಜ, ಕೆಳಗೆ ಉಗುರಿನಷ್ಟು ಚೀಟಿ. ಈ ಅರ್ಧ ರೆಕ್ಕೆಯ ಕಣಜದ ಮಾದರಿಗಳು ಮೂರು ಬೇರೆ ಬೇರೆ ಪೆಟ್ಟಿಗೆಗಳಲ್ಲಿದ್ದವು. ಒಂದರಲ್ಲಿ ‘ಯುಮೆನೆಸ್’ ಎಂದು, ಇನ್ನೊಂದರಲ್ಲಿ ‘ಡೆಲ್ಟಾ’ ಎಂದು, ಮೂರನೆಯದರಲ್ಲಿ ಹೆಸರನ್ನೇ ತಪ್ಪಾಗಿ ಓದಿ ಬರೆದಿದ್ದರು. ಮೊದಲ ಪೆಟ್ಟಿಗೆಯನ್ನು ಮಾತ್ರ ನೋಡಿ ನಾನು ಈ ಪ್ರಭೇದಕ್ಕೆ ಎರಡೇ ಊರುಗಳನ್ನು ಬರೆದೆ. ಮಾರ್ಗದರ್ಶಕರು ಮತ್ತೆ ಹುಡುಕು ಎಂದರು. ಮೂರೂ ಪೆಟ್ಟಿಗೆ ಸೇರಿದಾಗ ಒಂಬತ್ತು ಊರುಗಳಾದವು. ಮೊದಲ ಪಟ್ಟಿ ಹಾಗೆಯೇ ಹೋಗಿದ್ದರೆ ಏಳು ಊರುಗಳಲ್ಲಿ ಈ ಕಣಜ ಇರಲೇ ಇಲ್ಲ ಎಂದಾಗುತ್ತಿತ್ತು.

ನೀವು ನೀರಿನ ಮಾತು ಎತ್ತಿದಿರಿ. ಒಂದು ತಾಣದಲ್ಲಿ ನೀರು ಬತ್ತಿ ಕಣಜ ಹೋಯಿತೇ ಎಂದು ತಿಳಿಯಬೇಕಾದರೆ, ಮೊದಲು ಅಲ್ಲಿ ಅದು ಇತ್ತು ಎಂಬ ದಾಖಲೆ ಸಿಗಬೇಕು. ಹೆಸರು ತಪ್ಪಿದ ಚೀಟಿ ಹುಡುಕಿದವರ ಕೈಗೆ ಸಿಗುವುದಿಲ್ಲ. ಕಣಜ ಕಂಡ ಜಾಗಗಳಿಗೆ ಚುಕ್ಕೆ ಇಟ್ಟು ಮಾಡುವ ನಕ್ಷೆಯ ಬಗ್ಗೆಯೂ ಎಚ್ಚರ ಬೇಕು. ಕೊಲ್ಲಿ ದೇಶಗಳ ನಗರಗಳಲ್ಲಿ ಕ್ಯಾಮೆರಾ ಹಿಡಿದವರು ಹೆಚ್ಚು, ಹಾಗಾಗಿ ಅಲ್ಲಿ ಚುಕ್ಕೆಗಳೂ ದಟ್ಟ. ಜೈಸಲ್ಮೇರಿನ ಗೋಪುರದ ಬುಡದಲ್ಲಿ ಬಗ್ಗಿ ನೋಡುವವರು ಎಷ್ಟು ಮಂದಿ?

ಹಳೆಯ_ಮೇಷ್ಟ್ರು

‘ನೇರ ಮಾತು’ ಅವರ ಪ್ರಶ್ನೆ ಪ್ರಾಮಾಣಿಕವಾದದ್ದು. ಅದು ಬಾರದಿದ್ದರೆ ಈ ಮೂರು ಪೆಟ್ಟಿಗೆಗಳ ಕತೆ ನಮಗೆ ಸಿಗುತ್ತಿರಲಿಲ್ಲ.

ನೇರ_ಮಾತು

ಅರ್ಥವಾಯಿತು. ನಮ್ಮ ಪಂಚಾಯಿತಿಯಲ್ಲಿ ಒಬ್ಬರ ಹೆಸರನ್ನು ಮೂರು ರೀತಿ ಬರೆದು ಪಿಂಚಣಿ ನಿಂತುಹೋದದ್ದು ನೆನಪಾಯಿತು. ಒಪ್ಪಿದೆ. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಈ ಗೊಂದಲ ತೀರಲಿಲ್ಲವೇ?

ಕೀಟ_ಪೆಟ್ಟಿಗೆ

ಕೆಲವು ತೀರಿವೆ, ಕೆಲವು ಹೊಸದಾಗಿ ಹುಟ್ಟಿವೆ. 2017 ಮತ್ತು 2018ರಲ್ಲಿ ಬಂದ ಅಧ್ಯಯನಗಳು ಯುಮೆನಿನೇ ಎಂಬ ಉಪಕುಟುಂಬವೇ ಒಂದೇ ಬೇರಿನ ಗುಂಪಲ್ಲ ಎಂದು ತೋರಿಸಿದವು. ಅದರಲ್ಲಿ ಒಂದು ಭಾಗ, ಜೀಥಿನೇ ಎಂಬುದು, ಕಾಗದದ ಗೂಡು ಕಟ್ಟುವ ಸಂಘಜೀವಿ ಕಣಜಗಳಿಗೆ ಹೆಚ್ಚು ಹತ್ತಿರದ್ದು. ಡೆಲ್ಟಾ ಮಾತ್ರ ಯುಮೆನಿನೇಯಲ್ಲೇ ಉಳಿದಿದೆ. ಕಣ್ಣಿನ ಕೆಲಸವೂ ಮುಗಿದಿಲ್ಲ. ವೆನಿಸ್ಸಿನ ಜೋರ್ದಾನಿ ಸೊಯ್ಕಾ ಜೀವಮಾನವೆಲ್ಲ ಈ ಕಣಜಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು. ಒಣನಾಡಿನ ಕಣಜಗಳಲ್ಲಿ ಕೆಂಪು ಕಪ್ಪು ಬಣ್ಣ ಎಷ್ಟೋ ಪ್ರಭೇದಗಳಿಗೆ ಸಾಮಾನ್ಯ. ಬಣ್ಣವನ್ನೇ ನಂಬಿ ಕುಳಿತರೆ ಮೋಸಹೋಗುತ್ತೇವೆ, ಮೈಯ ರಚನೆಯನ್ನು ನೋಡಬೇಕು.

ನಿಝ್ವಾ_ನೆರಳು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಪರೀಕ್ಷೆಗಳಿದ್ದವು.

ಗೂಡು ಐದು ಮಡಕೆಗಳಿಗೆ ನಿಂತಿತು. ಆಮೇಲೆ ತಾಯಿ ಕಣಜ ಕಂಠಗಳನ್ನೆಲ್ಲ ಮುಚ್ಚಿ, ಮೇಲೆ ದಪ್ಪಗೆ ಮಣ್ಣು ಮೆತ್ತಿತು. ಅಷ್ಟು ಚಂದದ ಮಡಕೆಗಳು ಒಳಗಿವೆ ಎಂದು ಈಗ ಯಾರಿಗೂ ತಿಳಿಯುವುದಿಲ್ಲ. ಒಂದು ಹಿಡಿ ಕೆಸರು ಎಸೆದ ಹಾಗೆ ಕಾಣುತ್ತದೆ. ಮರುದಿನದಿಂದ ತಾಯಿ ಬರಲಿಲ್ಲ. ಎರಡು ದಿನ ಕಿಟಕಿಯ ಹತ್ತಿರ ಸುಮ್ಮನೆ ನಿಂತು ಕಾದೆ.

ನಿನ್ನೆ, ಐದನೆಯ ವಾರದಲ್ಲಿ, ಮಣ್ಣಿನಲ್ಲಿ ಒಂದು ದುಂಡು ರಂಧ್ರ ಕಂಡಿತು. ಪಕ್ಕದಲ್ಲೇ ಹೊಸ ಕಣಜ ಕುಳಿತು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ರೆಕ್ಕೆ ಇನ್ನೂ ಸುಕ್ಕಾಗಿದ್ದಾಗಲೇ ಅರ್ಧದ ಗೆರೆ ಕಾಣುತ್ತಿತ್ತು. ಕುಡಿಮೀಸೆಯ ತುದಿ ಕೊಕ್ಕೆಯಂತೆ ಬಾಗಿತ್ತು. ಇವತ್ತು ಎರಡನೆಯ ರಂಧ್ರ. ಅದರಿಂದ ಬಂದದ್ದನ್ನು ನೋಡಿ ಬೆಚ್ಚಿದೆ. ನವಿಲಿನ ಕತ್ತಿನ ಬಣ್ಣ, ಹಸಿರು ನೀಲಿ ಮಿಂಚು, ಬಳಪದ ತುಂಡಿನಷ್ಟು ಗಟ್ಟಿ ಮೈ. ಕಡ್ಡಿ ತಾಗಿಸಿದಾಗ ಉಂಡೆಯಾಗಿ ಮುದುಡಿತು. ನಮ್ಮ ಗೂಡಿನಿಂದ ಇದು ಹೇಗೆ ಬಂತು?

ಕೀಟ_ಪೆಟ್ಟಿಗೆ

ಕೊಕ್ಕೆ ಮೀಸೆಯದು ಗಂಡು. ಅದಕ್ಕೆ ತಂದೆಯಿಲ್ಲ, ಕಣಜಗಳಲ್ಲಿ ಫಲಿತವಾಗದ ಮೊಟ್ಟೆ ಗಂಡಾಗುತ್ತದೆ, ಫಲಿತವಾದದ್ದು ಹೆಣ್ಣು.

ಎರಡನೆಯದು ಸ್ಟಿಲ್ಬಮ್ ಸಯಾನ್ಯುರಮ್, ಕೋಗಿಲೆ ಕಣಜ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವ ಹಾಗೆ ಇದು ಮಣ್ಣಿನ ಗೂಡನ್ನು ತೋಡಿ ತನ್ನ ಮೊಟ್ಟೆ ಸೇರಿಸುತ್ತದೆ. ಇದರ ಮರಿ ಒಳಗಿದ್ದ ಕುಂಬಾರ ಕಣಜದ ಮರಿಯನ್ನೇ ತಿಂದು ಬೆಳೆಯುತ್ತದೆ. ಮೈ ಗಟ್ಟಿಯಾಗಿರುವುದೂ ಉಂಡೆಯಾಗುವುದೂ ಮನೆಯೊಡತಿಯ ಕುಟುಕಿನಿಂದ ಪಾರಾಗುವುದಕ್ಕೆ. ತಾಯಿ ಅಷ್ಟು ದಪ್ಪ ಮಣ್ಣು ಮೆತ್ತಿದ್ದೇಕೆ ಎಂದು ಈಗ ಊಹಿಸಬಹುದು. ಆದರೂ ಒಂದು ಮಡಕೆ ಹೋಯಿತು.

ಎರಡರದೂ ಚಿತ್ರ, ತಾರೀಖು, ಸ್ಥಳ ದಾಖಲಿಸಿ ಮೇಡಂ. ಹೆಸರಿನ ತುದಿಯಲ್ಲಿ ‘ಪೆನ್ನೆ’ ಎಂದೇ ಬರೆಯಿರಿ.

ನಿಝ್ವಾ_ನೆರಳು

ದಾಖಲಿಸಿದೆ. ತರಗತಿಯ ಮಕ್ಕಳೇ ತಾರೀಖು ಬರೆದರು. ಒಬ್ಬ ಹುಡುಗ ಅರಬ್ಬಿಯಲ್ಲಿ ಅದರ ಹೆಸರನ್ನು ಅಜ್ಜಿಗೆ ಕೇಳಿ ಬರುತ್ತೇನೆ ಎಂದಿದ್ದಾನೆ.

ಬಣ್ಣ ಬಳಿಯುವವರು ಇವತ್ತು ಬಂದಿದ್ದರು. ಇನ್ನೂ ಮೂರು ಮಡಕೆಗಳು ಮುಚ್ಚಿಯೇ ಇವೆ ಎಂದು ತೋರಿಸಿ ಹೇಳಿದೆ. ಅವರಲ್ಲಿ ಹಿರಿಯರೊಬ್ಬರು ಸಿಂಧ್ ಕಡೆಯವರು. ಗೂಡನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, ನಮ್ಮ ಮನೆಯ ಗೋಡೆಯಲ್ಲಿಯೂ ಇದು ಕಟ್ಟುತ್ತದೆ ಎಂದರು. ಆಮೇಲೆ ಅದರ ಸುತ್ತ ಕಾಗದ ಅಂಟಿಸಿದರು. ಗೋಡೆಯೆಲ್ಲ ಈಗ ಹೊಸ ಬಿಳುಪು, ಕಿಟಕಿಯ ಪಕ್ಕದ ಒಂದು ಗೇಣು ಮಾತ್ರ ಹಳೆಯ ಮಣ್ಣಿನ ಬಣ್ಣದಲ್ಲೇ ಇದೆ.